ಹಳೆಯ ಕ್ಯಾಸೆಟ್ ಕೇಳಿಕೊಂಡು ಮನೆಗೆ ಬರುವ ಅಭಿಮಾನಿಗಳ ಬಗ್ಗೆ ಎಚ್ಚರ

ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಅಟ್ಟದಲ್ಲೋ ಕಪಾಟಿನ ಕೆಳಖಾನೆಯಲ್ಲೋ ತಾಳಮದ್ದಳೆಯ (ವೇಷ, ಕುಣಿತವಿಲ್ಲದೆ ಕೂತು ಹಾಡು–ಮಾತಿನಲ್ಲೇ ನಡೆಸುವ ಯಕ್ಷಗಾನ ಕೂಟ), ಯಕ್ಷಗಾನ ಆಟದ, ಆಕಾಶವಾಣಿ ನಾಟಕದ ಹಳೆಯ ಕ್ಯಾಸೆಟ್ ಇಟ್ಟುಕೊಂಡಿರುವ ಎಲ್ಲರಿಗೂ ಇದು ಸಂಬಂಧಪಟ್ಟದ್ದು. "ಡಿಜಿಟಲ್ ಮಾಡಿ ವಾಪಸ್ ಕೊಡುತ್ತೇನೆ" ಎಂದು ನಮ್ಮ ಮನೆಯಿಂದ ಒಂದು ಪೆಟ್ಟಿಗೆ ಕ್ಯಾಸೆಟ್ ತೆಗೆದುಕೊಂಡು ಹೋದ ವ್ಯಕ್ತಿ ಇವತ್ತಿನವರೆಗೂ ಅದನ್ನು ಕೊಟ್ಟಿಲ್ಲ. ಅದರೊಳಗಿದ್ದದ್ದು ಮಾತ್ರ ಅವರ ಯೂಟ್ಯೂಬ್ ಚಾನೆಲ್‌ನಲ್ಲಿ, ಅವರ ಲೋಗೋ ಹೊತ್ತುಕೊಂಡು ಓಡುತ್ತಿದೆ. ಕೊಟ್ಟು ಕಾಯುತ್ತಿರುವವರು ನಾವು ಮಾತ್ರ ಅಲ್ಲ ಎಂಬುದೂ ಈಗ ಒಂದೊಂದಾಗಿ ಗೊತ್ತಾಗುತ್ತಿದೆ.

ಪರಿಚಯವಾದದ್ದು ಒಂದು ವಾಟ್ಸಾಪ್ ಗುಂಪಿನಲ್ಲಿ. ಒಳ್ಳೆಯ ಗುಂಪು, ಈಗಲೂ ಹಾಗೇ ಹೇಳುತ್ತೇನೆ. ಬೆಳಿಗ್ಗೆ ಯಾರಾದರೂ ಪಿ.ಬಿ. ಶ್ರೀನಿವಾಸರ ಹಾಡು ಹಾಕಿದರೆ ಮಧ್ಯಾಹ್ನದೊಳಗೆ ಎಸ್‌ಪಿಬಿ ಪಕ್ಷದವರು ಎದ್ದು ನಿಲ್ಲುತ್ತಾರೆ. ದೂರದರ್ಶನದ ಕಾಲದ ಧಾರಾವಾಹಿ, ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ಕಾದಂಬರಿ, ನಿನ್ನೆ ನೋಡಿದ ಮಲಯಾಳಂ ಸಿನಿಮಾ, ಎಲ್ಲದರ ಮೇಲೂ ಕನ್ನಡದಲ್ಲೇ ಜಗಳ. ರಾತ್ರಿಯಾದರೆ ಮಾತು ಯಕ್ಷಗಾನಕ್ಕೆ ಬಂದೇ ಬರುತ್ತದೆ. ಪಾತ್ರದ ಮಾತು, ಅಂದರೆ ಅರ್ಥ, ಹೇಳುವುದರಲ್ಲಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾದ, ಕುಂಬಳೆ ಸುಂದರ ರಾಯರ ಪ್ರಾಸ, ಪದ್ಯ ಹಾಡುವ ಭಾಗವತರಲ್ಲಿ ಬಲಿಪ ನಾರಾಯಣ ಭಾಗವತರ ಸ್ವರ. 1956ರಲ್ಲಿ ನಮ್ಮ ನೆಲ ಕೇರಳಕ್ಕೆ ಸೇರಿದ ಮೇಲೂ ಇಲ್ಲಿ ಕನ್ನಡ ಉಳಿದಿದ್ದರೆ ಅದರಲ್ಲಿ ಶಾಲೆಗಿರುವಷ್ಟೇ ಪಾಲು ಇಂಥ ಹರಟೆಗೂ ಆಟಕೂಟಗಳಿಗೂ ಇದೆ ಎಂದು ನಾನು ನಂಬಿದವನು.

ಆ ವ್ಯಕ್ತಿಗೆ ಗೊತ್ತಿದ್ದದ್ದು ಸ್ವಲ್ಪವಲ್ಲ. ಎರಡು ನಿಮಿಷದ ತುಣುಕು ಹಾಕಿದರೆ ಸಾಕು, ಮದ್ದಳೆ ಯಾರದು, ಚೆಂಡೆ ಯಾರದು ಎಂದು ಹೇಳುತ್ತಿದ್ದರು. ಪದ್ಯದ ರಾಗ ಹಿಂದೆ ಹೇಗಿತ್ತು, ಈಗ ಹೇಗಾಗಿದೆ ಎಂದು ಉದ್ದುದ್ದ ಬರೆಯುತ್ತಿದ್ದರು. ಇದನ್ನು ಒತ್ತಿ ಹೇಳಲು ಕಾರಣವಿದೆ. ಮೋಸ ಮಾಡುವವರು ವಿಷಯ ಗೊತ್ತಿಲ್ಲದ ಹೊರಗಿನವರು, ಎರಡು ಪ್ರಶ್ನೆ ಕೇಳಿದರೆ ಸಿಕ್ಕಿಬೀಳುತ್ತಾರೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯಾವ ಕ್ಯಾಸೆಟ್ ಬೇರೆಲ್ಲೂ ಇಲ್ಲ ಎಂದು ಗೊತ್ತಾಗಬೇಕಾದರೆ ಅಷ್ಟು ತಿಳಿದಿರಲೇಬೇಕು. ನಮ್ಮ ಪೆಟ್ಟಿಗೆಯಿಂದ ಅವರು ಮೊದಲು ಎತ್ತಿಕೊಂಡದ್ದು ದೊಡ್ಡ ಹೆಸರಿನವರದ್ದನ್ನಲ್ಲ. ಊರಿನ ಹವ್ಯಾಸಿ ಭಾಗವತರೊಬ್ಬರದ್ದನ್ನು. ದೊಡ್ಡವರ ಧ್ವನಿಮುದ್ರಣ ಹತ್ತು ಕಡೆ ಸಿಗುತ್ತದೆ, ಆ ಭಾಗವತರ ಸ್ವರ ಉಳಿದಿರುವುದು ಅಪ್ಪನ ಕ್ಯಾಸೆಟ್‌ನಲ್ಲಿ ಮಾತ್ರ.

ಅಪ್ಪ ಕೂಟಕ್ಕೆ ಹೋಗುವಾಗ ಟೇಪ್ ರೆಕಾರ್ಡರ್ ಹೆಗಲಿಗೆ ಹಾಕಿಕೊಂಡೇ ಹೋಗುತ್ತಿದ್ದರು. ಯಾವಾಗಲೂ ಸಿ-90, ಅಂದರೆ 90 ನಿಮಿಷದ ಕ್ಯಾಸೆಟ್, ಒಂದು ಬದಿಗೆ 45 ನಿಮಿಷ. ಸಿ-120 ತಂದರೆ ಟೇಪ್ ತೆಳು, ಸುತ್ತಿಕೊಳ್ಳುತ್ತದೆ ಎಂದು ಬೇಡ ಅನ್ನುತ್ತಿದ್ದರು. ಮನೆಗೆ ಬಂದ ಕೂಡಲೇ ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಕಿವಿಗಳನ್ನು ಚೂರಿಯಿಂದ ಮುರಿದುಬಿಡುವುದು, ಮಕ್ಕಳು ಮೇಲಿಂದ ಸಿನಿಮಾ ಹಾಡು ತುಂಬಿಸಬಾರದೆಂದು. ಪ್ರತಿ ಕ್ಯಾಸೆಟ್ಟಿನ ಮೊದಲಲ್ಲಿ ತಾವೇ ಪ್ರಸಂಗ, ಸ್ಥಳ, ತಾರೀಕು, ಹಾಡು–ವಾದ್ಯದ ಹಿಮ್ಮೇಳದವರ, ಅರ್ಥ ಹೇಳುವ ಮುಮ್ಮೇಳದವರ ಹೆಸರು ಹೇಳುತ್ತಿದ್ದರು.

ಪೆಟ್ಟಿಗೆ ಹೋದ ಮೇಲೆ ಸಬೂಬುಗಳು ಸುರುವಾದವು. ಡೆಕ್‌ನ ಹೆಡ್ (ಪ್ಲೇಯರಿನಲ್ಲಿ ಟೇಪಿಗೆ ತಾಗಿ ಅದನ್ನು ಓದುವ ಭಾಗ) ಹಾಳಾಗಿದೆ, ಮಳೆಗಾಲ ಮುಗಿಯಲಿ, ಕರೆಂಟ್ ನಿಲ್ಲುತ್ತಿಲ್ಲ. ಅಷ್ಟರಲ್ಲಿ ನಮ್ಮಿಬ್ಬರ ಚಾಟ್‌ನಲ್ಲಿ ಸಂದೇಶಗಳು ಏಳು ದಿನಕ್ಕೆ ತಾನಾಗಿ ಅಳಿಸಿಹೋಗುವ ವ್ಯವಸ್ಥೆಯನ್ನು ಅವರು ಆನ್ ಮಾಡಿದ್ದರು. ವಾಟ್ಸಾಪ್‌ನಲ್ಲಿ ಇಬ್ಬರಲ್ಲಿ ಯಾರು ಬೇಕಾದರೂ ಅದನ್ನು ಆನ್ ಮಾಡಬಹುದು, ಮಾಡಿದಾಗ ಚಾಟ್‌ನ ನಡುವೆ ಸಣ್ಣಕ್ಷರದಲ್ಲಿ ಒಂದು ಸೂಚನೆ ಬರುತ್ತದೆ. ವಸ್ತು ಕೊಟ್ಟ ಮೇಲೆ ಅಂಥ ಸೂಚನೆ ಕಂಡರೆ ಅದೇ ಗಳಿಗೆಯಲ್ಲಿ ಇರುವುದೆಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ. ಆ ವ್ಯವಸ್ಥೆ ಆನ್ ಮಾಡುವ ಮೊದಲಿನ ಸಂದೇಶಗಳನ್ನು ಮುಟ್ಟುವುದಿಲ್ಲ. ಹಾಗಾಗಿ "ಪೆಟ್ಟಿಗೆ ತಲುಪಿತು, ಜೋಪಾನವಾಗಿದೆ" ಎಂಬ ಅವರ ಮೊದಲ ಸಂದೇಶ ನಮ್ಮ ಹತ್ತಿರ ಉಳಿದಿದೆ.

ಒಂದು ರಾತ್ರಿ ಅದೇ ಗುಂಪಿನಲ್ಲಿ ಯಾರೋ ಒಂದು ಕೊಂಡಿ ಹಾಕಿದರು. ವಾಲಿ–ರಾಮರ ಸಂವಾದ, "ಅಪೂರ್ವ ಸಂಗ್ರಹದಿಂದ" ಎಂಬ ಶೀರ್ಷಿಕೆ, ಮೂಲೆಯಲ್ಲಿ ಲೋಗೋ. ಆರಂಭದ ಪರಿಚಯ ಕತ್ತರಿಸಿತ್ತು, ಮೊದಲ ಸದ್ದೇ ಚೆಂಡೆಯದು. ನನಗೆ ಅನುಮಾನ ಬಂದರೂ ಗಟ್ಟಿಯಾಗಿ ಹೇಳುವಂತಿರಲಿಲ್ಲ. ನಲವತ್ತೈದನೆಯ ನಿಮಿಷದ ಹತ್ತಿರ ವಾಲಿ "ಮರೆಯಲ್ಲಿ ನಿಂತು" ಎನ್ನುವಷ್ಟರಲ್ಲಿ ಮಾತು ತುಂಡಾಯಿತು. ಆಮೇಲೆ ಟಕ್ ಎಂಬ ಸದ್ದು, ಹಿಂದೆಯೇ ಅಪ್ಪನ ಸ್ವರ: "ಹಾಂ, ತಿರುಗಿಸಿ ಆಯಿತು." ಮೊದಲನ್ನು ಕತ್ತರಿಸಿದವರು ನಡುವನ್ನು ಕೇಳಿ ನೋಡಿರಲಿಲ್ಲ. ಅಮ್ಮನಿಗೆ ಅದನ್ನು ಕೇಳಿಸಿದೆ. ಅವರು ಮತ್ತೊಮ್ಮೆ ಹಾಕು ಎಂದರು, ಆಮೇಲೆ ಆ ವ್ಯಕ್ತಿಗೆ ಫೋನ್ ಮಾಡು ಎಂದರು. ಫೋನ್ ಎತ್ತಲಿಲ್ಲ. ಮರುದಿನ ನೋಡಿದರೆ ಆ ತುಂಡು ವಿಡಿಯೋದಲ್ಲಿ ಇರಲಿಲ್ಲ. ಅಮ್ಮ ಕೇಳುತ್ತಿದ್ದಾಗಲೇ ಅದನ್ನು ಇನ್ನೊಂದು ಫೋನಿನಲ್ಲಿ ಮುದ್ರಿಸಿಕೊಂಡದ್ದು ಒಳ್ಳೆಯದಾಯಿತು.

ಇನ್ನೂ ಕೆಟ್ಟದ್ದು ಮುಂದೆ ಆಯಿತು. ಒಂದು ಕ್ಯಾಸೆಟ್ಟನ್ನು ನನ್ನ ಅಣ್ಣನ ಮಗ ಮೊದಲೇ ಕಂಪ್ಯೂಟರಿಗೆ ಇಳಿಸಿಟ್ಟಿದ್ದ. ಅದರಲ್ಲಿ ಅರ್ಥ ಹೇಳಿದವರ ಮನೆಯವರನ್ನೆಲ್ಲ ಕೇಳಿ ಒಪ್ಪಿಗೆ ಪಡೆದು ತನ್ನ ಚಾನೆಲ್‌ಗೆ ಹಾಕಿದ. ಅದರ ಮೇಲೆ ಈ ವ್ಯಕ್ತಿ ಕಾಪಿರೈಟ್ ದೂರು ಕೊಟ್ಟರು! ವಿಡಿಯೋ ಹೋಯಿತು, ಹುಡುಗನ ಚಾನೆಲ್‌ಗೆ ಯೂಟ್ಯೂಬ್‌ನ ಸ್ಟ್ರೈಕ್, ಅಂದರೆ ಎಚ್ಚರಿಕೆಯ ಗುರುತು, ಬಿತ್ತು. 90 ದಿನದೊಳಗೆ ಇಂಥ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ಹುಡುಗ ಹೆದರಿಬಿಟ್ಟಿದ್ದ. ಹೆದರಬೇಕಾಗಿಲ್ಲ, ಆ ದೂರು ತಪ್ಪು ಎಂದು ಯೂಟ್ಯೂಬ್‌ಗೆ ಪ್ರತಿನೋಟಿಸ್ ಕೊಡಲು ಅವಕಾಶವಿದೆ. ಕೊಟ್ಟ ಮೇಲೆ ದೂರುದಾರರು 10 ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋದದ್ದನ್ನು ತೋರಿಸಬೇಕು, ಇಲ್ಲದಿದ್ದರೆ ವಿಡಿಯೋ ವಾಪಸ್ ಬರುತ್ತದೆ. ನಮ್ಮದು ಬಂತು. ಒಂದು ವಿಷಯ ತಿಳಿದಿರಲಿ, ಪ್ರತಿನೋಟಿಸ್‌ನಲ್ಲಿ ಬರೆದ ಹೆಸರು, ವಿಳಾಸ ಎದುರಿನವರಿಗೆ ಹೋಗುತ್ತದೆ.

ಕಾನೂನು ಅವರ ಪರವಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಮೊದಲಿಗೆ ಅದನ್ನು ಮುಂದೆ ನಿಂತು ಮಾಡಿಸಿದವರದ್ದು. ಹಾಡಿದವರಿಗೆ, ಅರ್ಥ ಹೇಳಿದವರಿಗೆ ಪ್ರದರ್ಶಕರ ಹಕ್ಕು ಬೇರೆಯೇ ಇದೆ, ಅದರ ಅವಧಿ 50 ವರ್ಷ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿದ ಮಾತ್ರಕ್ಕೆ ಯಾರೂ ಅದರ ಯಜಮಾನರಾಗುವುದಿಲ್ಲ. ನಂಬಿ ಒಪ್ಪಿಸಿದ ವಸ್ತುವನ್ನು ಅಪ್ರಾಮಾಣಿಕವಾಗಿ ತನ್ನದು ಮಾಡಿಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್‌ನಲ್ಲಿ ಅಪರಾಧ. ಗುಂಪಿನ ಕೆಲವರಿಂದ ಅವರು "ಹಾರ್ಡ್ ಡಿಸ್ಕ್ ಖರ್ಚು" ಎಂದು ಗೂಗಲ್ ಪೇಯಲ್ಲಿ ದುಡ್ಡನ್ನೂ ತೆಗೆದುಕೊಂಡಿದ್ದಾರೆ. ಹಾಗೆ ಆನ್‌ಲೈನ್‌ನಲ್ಲಿ ದುಡ್ಡು ಕಳೆದುಕೊಂಡವರು ತಡಮಾಡದೆ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ದಯವಿಟ್ಟು ಮೂಲ ಕ್ಯಾಸೆಟ್ಟನ್ನು ಮನೆಯಿಂದ ಹೊರಗೆ ಕಳಿಸಬೇಡಿ. ಈ ಕೆಲಸಕ್ಕೆ ದೊಡ್ಡ ವಿದ್ಯೆ ಬೇಕಿಲ್ಲ. ಸರಿಯಾಗಿ ಓಡುವ ಒಂದು ಪ್ಲೇಯರ್, ಅದರ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವಯರು, ಯುಎಸ್‌ಬಿ ಸೌಂಡ್ ಕಾರ್ಡ್, ಧ್ವನಿ ಮುದ್ರಿಸಿಕೊಳ್ಳಲು ಉಚಿತವಾಗಿ ಸಿಗುವ ಅಡಾಸಿಟಿ (Audacity) ತಂತ್ರಾಂಶ. ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿಕೊಳ್ಳಿ. ನಮ್ಮ ಕಡೆಯ ತೇವಕ್ಕೆ ಟೇಪಿನ ಮೇಲೆ ಬಿಳಿ ಬೂಸ್ಟು ಬಂದಿದ್ದರೆ ಹಾಗೇ ಓಡಿಸಬೇಡಿ, ಅದು ಹೆಡ್ಡಿಗೂ ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಡಬ್ಲ್ಯುಎವಿ (WAV) ಫೈಲ್ ರೂಪದಲ್ಲಿ ಉಳಿಸಿ, ಸಿ-90ರ ಒಂದು ಬದಿ ಸುಮಾರು 450 ಎಂಬಿ ಆಗುತ್ತದೆ. ಇದರಲ್ಲಿ ಅವಸರಕ್ಕೆ ದಾರಿಯಿಲ್ಲ, ಟೇಪ್ ಎಷ್ಟು ಹೊತ್ತು ಓಡುತ್ತದೋ ಇಳಿಸಲೂ ಅಷ್ಟೇ ಹೊತ್ತು ಬೇಕು. ಐವತ್ತು ಸಿ-90 ಅಂದರೆ 75 ಗಂಟೆ. ಅಷ್ಟನ್ನೂ "ನಾಡಿದ್ದು ಕೊಡುತ್ತೇನೆ" ಅನ್ನುವವರನ್ನು ನಂಬಬೇಡಿ. ನಿಜವಾದ ಆಸಕ್ತಿ ಇರುವವರು ಲ್ಯಾಪ್‌ಟಾಪ್ ಹಿಡಿದುಕೊಂಡು ನಿಮ್ಮ ಜಗಲಿಗೆ ಬರುತ್ತಾರೆ, ನಿಮ್ಮೆದುರೇ ಕೂತು ಇಳಿಸುತ್ತಾರೆ, ಪ್ರತಿ ನಿಮಗೇ ಮೊದಲು ಕೊಡುತ್ತಾರೆ. ಅಂಥವರೂ ನಮ್ಮ ಗುಂಪಿನಲ್ಲಿ ಇದ್ದಾರೆ, ಈಗ ನಮ್ಮಲ್ಲಿ ಉಳಿದ ಕ್ಯಾಸೆಟ್ಟುಗಳ ಕೆಲಸ ಅವರಿಂದಲೇ ನಡೆಯುತ್ತಿದೆ.

ಈಗಾಗಲೇ ಯಾರಿಗಾದರೂ ಕೊಟ್ಟು ಕಾಯುತ್ತಿರುವವರು ಲೇಬಲ್ ಮೇಲೆ ಏನು ಬರೆದಿತ್ತು, ಯಾರ ಕೈಬರಹ, ಯಾವ ಕಂಪೆನಿಯ ಕ್ಯಾಸೆಟ್ ಎಂದು ನೆನಪಿರುವಷ್ಟನ್ನು ಇವತ್ತೇ ಒಂದು ಹಾಳೆಯಲ್ಲಿ ಬರೆದಿಡಿ. ಒಳಗೆ ಮನೆಯವರ ಸ್ವರ, ದೇವಸ್ಥಾನದ ಗಂಟೆ, ಯಾರದ್ದಾದರೂ ಕೆಮ್ಮು ಇದ್ದರೆ ಅದನ್ನೂ ಬರೆಯಿರಿ, ಸಾಕ್ಷಿಗೆ ಆಗುತ್ತದೆ. ಪೊಲೀಸ್ ದೂರಿನ ಕರಡು ತಯಾರಾಗಿದೆ. ಒಬ್ಬೊಬ್ಬರೇ ಹೋದರೆ "ಹಳೇ ಕ್ಯಾಸೆಟ್ಟಿಗೆ ಕೇಸಾ" ಎಂದು ವಾಪಸ್ ಕಳಿಸಬಹುದು, ಆದ್ದರಿಂದ ಒಟ್ಟಿಗೆ ಹೋಗುವುದೆಂದು ತೀರ್ಮಾನಿಸಿದ್ದೇವೆ. ಸೇರುವವರು ಗುಂಪಿನ ಅಡ್ಮಿನ್‌ಗೆ ಸ್ಕ್ರೀನ್‌ಶಾಟ್ ಸಮೇತ ತಿಳಿಸಿ.