ಕೇಂದ್ರದಲ್ಲಿ ಉಳಿಯಬೇಕೋ, ಮನೆಯಿಂದ ಹೋಗಿಬರಬೇಕೋ?

ತಮ್ಮನ ಕುಡಿತ ಬಿಡಿಸಲು ಯಾವ ದಾರಿ ಎಂದು ಕೇಳಿದ್ದೀರಿ. ವ್ಯಸನಮುಕ್ತಿ ಕೇಂದ್ರದಲ್ಲೇ ಉಳಿದು ಪಡೆಯುವ ಚಿಕಿತ್ಸೆ ಒಂದು. ಮನೆಯಲ್ಲಿದ್ದುಕೊಂಡೇ ವಾರಕ್ಕೆ ಸಾಮಾನ್ಯವಾಗಿ 9 ಗಂಟೆಗೆ ಕಡಿಮೆಯಿಲ್ಲದಂತೆ, ಅಂದರೆ 3 ದಿನ 3 ಗಂಟೆಯಂತೆ, ಹೋಗಿಬರುವ ತೀವ್ರ ಹೊರರೋಗಿ ಚಿಕಿತ್ಸೆ ಇನ್ನೊಂದು.

ಮೊದಲು ನೋಡಬೇಕಾದ್ದು ಖರ್ಚಲ್ಲ, ಜೀವ. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಮೊದಲ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಆಮೇಲೆ ಸನ್ನಿಯೂ ಹಿಡಿಯಬಹುದು. ಹಿಂದೆ ಹಾಗಾಗಿದ್ದರೆ ದಯವಿಟ್ಟು ಆಸ್ಪತ್ರೆಗೆ ದಾಖಲಿಸಿ, ಇದರಲ್ಲಿ ಚೌಕಾಸಿ ಬೇಡ. ಆ ಹಂತ ದಾಟಿದ ಮೇಲೆ ಹೋಗಿಬರುವ ಚಿಕಿತ್ಸೆಗೆ ಬದಲಾಗಬಹುದು.

ಖರ್ಚು ಹೊರರೋಗಿಗೆ ಸಾಮಾನ್ಯವಾಗಿ ಕಡಿಮೆ, ಕೆಲಸವನ್ನೂ ಉಳಿಸಿಕೊಳ್ಳಬಹುದು.

ನನಗೆ ಮುಖ್ಯವೆನಿಸುವುದು ಮನೆಯ ಸ್ಥಿತಿ. ಹೋಗಿಬರುವವನು ಸಂಜೆ ಅದೇ ಬೀದಿ, ಅದೇ ಗೆಳೆಯರ ನಡುವೆ ಇರುತ್ತಾನೆ. ಅದು ಅಪಾಯ, ಅಷ್ಟೇ ಒಳ್ಳೆಯ ಅಭ್ಯಾಸ ಕೂಡ: ಚಿಕಿತ್ಸೆಯ ಗುಂಪಿನಲ್ಲಿ ಕಲಿತ ‘ಬೇಡ’ ಎಂಬ ಮಾತನ್ನು ಅಂದೇ ಹೇಳಿ ನೋಡಬಹುದು. ಒಳಗಿದ್ದವನಿಗೆ ಆ ಪರೀಕ್ಷೆ ಹೊರಬಂದ ದಿನ ಒಮ್ಮೆಲೇ ಎದುರಾಗುತ್ತದೆ. ಆದರೆ ಮನೆಯಲ್ಲೇ ಇನ್ನೊಬ್ಬರು ಕುಡಿಯುತ್ತಿದ್ದರೆ, ನೆಲೆಯೇ ಇಲ್ಲದಿದ್ದರೆ, ಹಿಂದೆ ಹೋಗಿಬಂದೂ ನಿಲ್ಲದಿದ್ದರೆ ಕೇಂದ್ರವೇ ಲೇಸು. ಆಸರೆಯಾಗುವ ಒಬ್ಬರಾದರೂ ಮನೆಯಲ್ಲಿದ್ದು, ಅವನು ತಪ್ಪದೆ ಹೋಗಬಲ್ಲವನಾದರೆ ಹೊರರೋಗಿ ಚಿಕಿತ್ಸೆ ಹೊಂದುತ್ತದೆ.

ಕಡುಬಯಕೆ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಮಾತ್ರೆಯನ್ನು ಎರಡೂ ಕಡೆ ವೈದ್ಯರು ಬರೆದುಕೊಡಬಹುದು. ಸೇರಿಸುವ ಮುನ್ನವೇ ಕೇಳಿ: ಚಿಕಿತ್ಸೆ ಮುಗಿದ ಮೇಲೆ ಫಾಲೋಅಪ್ ಯಾರದು, ಎಷ್ಟು ದಿನಕ್ಕೊಮ್ಮೆ?