ಹೆಸರಿಲ್ಲದ ಫೈವ್-ವೇ ಸ್ವಿಚ್: ಮಾಲು ಪರವಾಗಿಲ್ಲ, ಜೊತೆಗಿನ ಚೀಟಿ ನಂಬಬೇಡಿ

ಬೆಂಗಳೂರಿನ ಗಿಟಾರ್ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಪ್ಲಾಸ್ಟಿಕ್ ಕವರಿನಲ್ಲಿ ಸಿಗುವ ಫೈವ್-ವೇ ಪಿಕಪ್ ಸ್ವಿಚ್ ಇದು. ಎಲೆಕ್ಟ್ರಿಕ್ ಗಿಟಾರ್‌ನ ಪಿಕಪ್‌ಗಳಲ್ಲಿ, ಅಂದರೆ ತಂತಿಯ ಕಂಪನ ಹಿಡಿಯುವ ಕಾಯಿಲ್‌ಗಳಲ್ಲಿ, ಯಾವುದು ನುಡಿಯಬೇಕೆಂದು ಆರಿಸುವ ಐದು ಸ್ಥಾನದ ಲಿವರ್. ಮೇಲೆ ಕಂಪನಿ ಹೆಸರಿಲ್ಲ. ಒಳಗೆ ಸ್ವಿಚ್, ಎರಡು ಸ್ಕ್ರೂ, ಮಡಚಿಟ್ಟ ಒಂದು ವೈರಿಂಗ್ ಚೀಟಿ. ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೋಕ್ಯಾಸ್ಟರ್) ಮಾದರಿಯ ಅಗ್ಗದ ಗಿಟಾರ್‌ಗಳಲ್ಲಿ ಮೊದಲಿನಿಂದಲೂ ಕೂತಿರುವುದು ಹೆಚ್ಚಾಗಿ ಇದೇ ಜಾತಿ: ಮುಚ್ಚಿದ ಡಬ್ಬಿ, ಸಣ್ಣ ಪಿಸಿಬಿ (ಸರ್ಕ್ಯೂಟ್ ಬೋರ್ಡ್), ಒಂದೇ ಸಾಲಿನಲ್ಲಿ ಎಂಟು ಪಿನ್. ಕೊಟ್ಟ ದುಡ್ಡಿಗೆ ಸ್ವಿಚ್ ಮೋಸವಿಲ್ಲ. ತಲೆ ಕೆಡಿಸುವುದು ಆ ಚೀಟಿ.

ಚೀಟಿಯಲ್ಲಿ ಅಚ್ಚಾಗಿರುವುದು ಬೇರೆಯೇ ಸ್ವಿಚ್ಚಿನ ಚಿತ್ರ. ಸಿಆರ್‌ಎಲ್, ಓಕ್ ಗ್ರಿಗ್ಸ್‌ಬಿ ಕಂಪನಿಗಳ ತರಹದ ಓಪನ್ ಟೈಪ್ (ಡಬ್ಬಿಯಿಲ್ಲದ) ಸ್ವಿಚ್‌ನಲ್ಲಿ ವೇಫರಿನ (ಪಿನ್ ಕೂರುವ ತೆಳು ತಟ್ಟೆಯ) ಆಚೆ ನಾಲ್ಕು, ಈಚೆ ನಾಲ್ಕು ಪಿನ್ ಇರುತ್ತವೆ, ಚಿತ್ರ ಅದರದು. ನಿಮ್ಮ ಕೈಯಲ್ಲಿರುವುದು ಒಂದೇ ಸಾಲಿನ ಎಂಟು ಪಿನ್. ಯಾವುದನ್ನು ಯಾವುದಕ್ಕೆ ಹೊಂದಿಸುವುದು? ಅಂದಾಜಿನ ಮೇಲೆ ಬೆಸುಗೆ ಹಾಕಿದವರ ಗಿಟಾರ್‌ನಲ್ಲಿ ಎರಡು ಸ್ಥಾನ ಸತ್ತಿರುತ್ತವೆ, ಇಲ್ಲವೇ ಲಿವರ್ ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ತುದಿ) ಕಡೆ ಇಟ್ಟರೆ ನೆಕ್ (ಕತ್ತಿನ ಬದಿಯ) ಪಿಕಪ್ ನುಡಿಯುತ್ತದೆ. ಡಬ್ಬಿ ಸ್ವಿಚ್‌ಗಳಲ್ಲೂ ಒಂದು ನಿಯಮವಿಲ್ಲ. ಒಂದರಲ್ಲಿ ಕಾಮನ್ ಪಿನ್‌ಗಳು (ಉಳಿದ ಪಿನ್‌ಗಳು ಸರದಿಯಲ್ಲಿ ಬಂದು ಸೇರುವವು) ಸಾಲಿನ ಮಧ್ಯೆ, ಮತ್ತೊಂದರಲ್ಲಿ ತುದಿಗೆ.

ಒಳಗಿನ ಲೆಕ್ಕ ಮಾತ್ರ ಎಲ್ಲದರಲ್ಲೂ ಒಂದೇ, ಅದು ಗೊತ್ತಿದ್ದರೆ ಚೀಟಿ ಬೇಕಾಗುವುದೇ ಇಲ್ಲ. ಒಂದು ಲಿವರ್‌ಗೆ ಕಟ್ಟಿದ ಎರಡು ಪ್ರತ್ಯೇಕ ಸ್ವಿಚ್, ಅಂದರೆ ಎರಡು ಪೋಲ್. ಪ್ರತಿ ಪೋಲ್‌ಗೆ ಒಂದು ಕಾಮನ್, ಮೂರು ಪಿನ್. ಐದು ಸ್ಥಾನಕ್ಕೆ ಮೂರೇ ಪಿನ್ ಹೇಗೆ ಸಾಕು ಅಂದರೆ, 2 ಮತ್ತು 4ನೇ ಸ್ಥಾನಗಳಲ್ಲಿ (1 ಬ್ರಿಡ್ಜ್ ತುದಿ, 5 ನೆಕ್ ತುದಿ) ಒಳಗಿನ ಸರಿಯುವ ಪಟ್ಟಿ ಅಕ್ಕಪಕ್ಕದ ಎರಡು ಪಿನ್‌ಗಳನ್ನು ಒಟ್ಟಿಗೆ ಮುಟ್ಟುತ್ತದೆ. 1954ರಲ್ಲಿ ಬಂದ ಸ್ಟ್ರಾಟೋಕ್ಯಾಸ್ಟರ್‌ನಲ್ಲಿ ಮೂರೇ ಸ್ಥಾನ ಇತ್ತು. ವಾದಕರು ಲಿವರನ್ನು ನಡುವೆ ಸಿಕ್ಕಿಸಿ ಎರಡೆರಡು ಪಿಕಪ್ ನುಡಿಸುತ್ತಿದ್ದರು. ಫೆಂಡರ್ 1977ರಲ್ಲಿ ಅದನ್ನೇ ಐದು ಸ್ಥಾನವಾಗಿ ಒಪ್ಪಿಕೊಂಡಿತು.

ಕಾಮನ್ ಹುಡುಕಲು ಬೀಪ್ ಕೊಡುವ ಮಲ್ಟಿಮೀಟರ್ ಒಂದಿದ್ದರೆ ಆಯಿತು. ಬೆಸುಗೆಗೆ ಮುಂಚೆ, ಲಿವರನ್ನು ಒಂದು ತುದಿಗೆ ತಳ್ಳಿ ಎಂಟು ಪಿನ್‌ಗಳಲ್ಲಿ ಯಾವ ಜೋಡಿ ಬೀಪ್ ಆಗುತ್ತದೆ ನೋಡಿ. ಎರಡು ಜೋಡಿ ಸಿಗಬೇಕು, ಪೋಲ್‌ಗೆ ಒಂದರಂತೆ. ಲಿವರ್ ಮಧ್ಯಕ್ಕೆ ತಂದು ಮತ್ತೆ ನೋಡಿ, ಆಮೇಲೆ ಇನ್ನೊಂದು ತುದಿಯಲ್ಲಿ. ಮೂರೂ ಕಡೆ ಜೋಡಿಯಲ್ಲಿ ಉಳಿದ ಪಿನ್ನೇ ಆ ಪೋಲ್‌ನ ಕಾಮನ್. ಅದರ ಜೊತೆ ಬದಲಾಗುತ್ತಾ ಹೋದ ಪಿನ್‌ಗಳು ಬ್ರಿಡ್ಜ್, ಮಿಡಲ್, ನೆಕ್. ಮಾರ್ಕರ್‌ನಲ್ಲಿ ಗುರುತು ಹಾಕಿಕೊಳ್ಳಿ. ಇದನ್ನು ಸ್ವಿಚ್ ಪಿಕ್‌ಗಾರ್ಡ್‌ಗೆ (ಗಿಟಾರ್ ಮುಂಭಾಗದ ಪ್ಲಾಸ್ಟಿಕ್ ತಟ್ಟೆಗೆ) ಕೂರಿಸಿದ ಮೇಲೆ ಮಾಡಿ, ಯಾಕೆಂದರೆ ಚಿತ್ರಗಳೆಲ್ಲ ಪಿಕ್‌ಗಾರ್ಡ್ ಬೋರಲು ಹಾಕಿ ನೋಡಿದ ಹಾಗಿರುತ್ತವೆ. ಎಡ ಬಲ ಅದಲು ಬದಲಾಗುವುದು ಇಲ್ಲೇ. ಬೆಸುಗೆ ಮುಗಿದ ಮೇಲೆ ಉಲ್ಟಾ ಆಗಿದ್ದು ಗೊತ್ತಾದರೂ ವೈರ್ ಕೀಳಬೇಕಿಲ್ಲ, ಎರಡು ಸ್ಕ್ರೂ ಬಿಚ್ಚಿ ಸ್ವಿಚ್ಚನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿ, ಗಿಟಾರ್ ಬಾಡಿಯ ಗೂಡಿನಲ್ಲಿ ಜಾಗ ಇದ್ದರೆ.

ಮಾಮೂಲಿ ವೈರಿಂಗ್‌ನಲ್ಲಿ ಮೂರು ಪಿಕಪ್‌ಗಳ ಹಾಟ್ (ಸಿಗ್ನಲ್) ವೈರ್ ಮೊದಲ ಪೋಲ್‌ನ ಮೂರು ಪಿನ್‌ಗೆ. ಎರಡೂ ಕಾಮನ್‌ಗಳ ನಡುವೆ ಒಂದು ಜಂಪರ್ (ತುಂಡು ವೈರ್), ಅಲ್ಲಿಂದ ವಾಲ್ಯೂಮ್ ಪಾಟ್‌ಗೆ (ಗುಂಡಿಯ ಕೆಳಗಿನ ಪೊಟೆನ್ಶಿಯೊಮೀಟರ್‌ಗೆ). ಎರಡನೇ ಪೋಲ್‌ನ ನೆಕ್ ಪಿನ್ ಮೊದಲ ಟೋನ್‌ಗೆ, ಮಿಡಲ್ ಪಿನ್ ಎರಡನೇ ಟೋನ್‌ಗೆ. ಬ್ರಿಡ್ಜ್ ಪಿನ್ ಖಾಲಿ. ಬ್ರಿಡ್ಜ್ ಪಿಕಪ್‌ಗೆ ಟೋನ್ ಕೆಲಸ ಮಾಡುತ್ತಿಲ್ಲ, ಸ್ವಿಚ್ ಹಾಳು ಎಂದು ವಾಪಸ್ ಕಳಿಸುವವರು ಇದನ್ನು ಗಮನಿಸಬೇಕು, ಅದು ಇರುವುದೇ ಹಾಗೆ. ಚುರುಕು ಸದ್ದು ಕಿವಿಗೆ ಚುಚ್ಚುತ್ತಿದ್ದರೆ ಆ ಖಾಲಿ ಪಿನ್ನನ್ನು ಪಕ್ಕದ ಮಿಡಲ್ ಪಿನ್‌ಗೆ ಚಿಕ್ಕ ವೈರಿನಲ್ಲಿ ಸೇರಿಸಿ. ಎರಡನೇ ಟೋನ್ ಬ್ರಿಡ್ಜ್‌ಗೂ ಸಿಗುತ್ತದೆ.

ಇನ್ನು ಸ್ವಿಚ್ಚಿನ ಗುಣ. ಕ್ಲಿಕ್ ಹಿತವಾಗಿದೆ, ಓಪನ್ ಟೈಪ್‌ನಷ್ಟು ಗಟ್ಟಿ ಅಲ್ಲ. ದೊಡ್ಡ ದೌರ್ಬಲ್ಯ ಶಾಖ. 60/40 ಲೆಡ್ (ಬೆಸುಗೆ ತಂತಿ), 25 ವ್ಯಾಟ್ ಕಾವಿ (ಸೋಲ್ಡರಿಂಗ್ ಐರನ್) ಸಾಕು, ಪ್ರತಿ ಪಿನ್‌ಗೆ ಎರಡು ಮೂರು ಸೆಕೆಂಡ್. ಹೆಚ್ಚು ಹೊತ್ತು ಒತ್ತಿದರೆ ಪ್ಲಾಸ್ಟಿಕ್ ಮೆದುವಾಗಿ ಕ್ಲಿಕ್ ಸಡಿಲವಾಗುತ್ತದೆ. ಫ್ಲಕ್ಸ್ (ಬೆಸುಗೆ ಅಂಟು) ಒಳಗೆ ಇಳಿದರೆ ಕಥೆ ಮುಗಿಯಿತು. ಓಪನ್ ಟೈಪ್ ಆದರೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒರೆಸಬಹುದು, ಈ ಡಬ್ಬಿಯೊಳಗೆ ಬಟ್ಟೆ ಹೋಗುವುದಿಲ್ಲ. ಪಾಟ್ ಬೆನ್ನಿನ ಅರ್ತ್ ಬೆಸುಗೆಗೆ ಮಾತ್ರ 40 ವ್ಯಾಟ್‌ಗೆ ಮೇಲ್ಪಟ್ಟ ಕಾವಿ ಬೇಕು, 25ರಲ್ಲಿ ಹಾಕಿದ್ದು ಮಂಕಾಗಿ ಕೂತು ಆಮೇಲೆ ಬಿಟ್ಟುಕೊಳ್ಳುತ್ತದೆ. ಲೆಡ್, 7/36 ಹುಕ್‌ಅಪ್ ವೈರ್, ಹೀಟ್ ಶ್ರಿಂಕ್ ಎಲ್ಲ ಎಸ್‌.ಪಿ. ರೋಡ್‌ನಲ್ಲಿ ಸಿಗುತ್ತದೆ, ಗಿಟಾರ್ ವೈರ್ ಎಂದು ಲೇಬಲ್ ಅಂಟಿಸಿದ್ದಕ್ಕೆ ಹೆಚ್ಚು ಕೊಡುವ ಅಗತ್ಯವಿಲ್ಲ.

ಪಿಕ್‌ಗಾರ್ಡ್ ಮುಚ್ಚುವ ಮುಂಚೆ ಜ್ಯಾಕ್‌ಗೆ ಕೇಬಲ್ ಸಿಕ್ಕಿಸಿ, ವಾಲ್ಯೂಮ್ ಪೂರ್ತಿ ತೆರೆದು, ಕೇಬಲ್‌ನ ಇನ್ನೊಂದು ತುದಿಯಲ್ಲಿ ಓಮ್ ಅಳೆಯಿರಿ. 6ಕೆ (6,000 ಓಮ್) ಆಸುಪಾಸಿನ ಸಿಂಗಲ್ ಕಾಯಿಲ್‌ಗಳಾದರೆ 1, 3, 5ರಲ್ಲಿ ಸುಮಾರು 5.9ಕೆ, 2 ಮತ್ತು 4ರಲ್ಲಿ 3ಕೆ ಹತ್ತಿರ. ಎರಡನೇ ಸ್ಥಾನದಲ್ಲೂ 5.9 ತೋರಿದರೆ ಒಂದು ಪಿಕಪ್ ಸೇರಿಲ್ಲ. 250ಕೆ ತೋರಿದರೆ ಪಿಕಪ್ಪೇ ಇಲ್ಲ, ಕಾಣುತ್ತಿರುವುದು ಬರೀ ಪಾಟ್. ಮುಚ್ಚಿದ ತಕ್ಷಣ ಸೊನ್ನೆಗೆ ಬಿದ್ದರೆ ಸ್ವಿಚ್ಚಿನ ಪಿನ್ ಗೂಡಿನ ಗೋಡೆಯ ತಾಮ್ರದ ಫಾಯಿಲ್‌ಗೆ ತಾಗುತ್ತಿದೆ. ಶೀಲ್ಡಿಂಗ್ ಮಾಡಿದ ಗಿಟಾರ್‌ನಲ್ಲಿ ಇದು ತೀರಾ ಸಾಮಾನ್ಯ. ಆ ಜಾಗಕ್ಕೆ ಇನ್ಸುಲೇಷನ್ ಟೇಪ್ ಹಚ್ಚಿ.

ಈ ಅಳತೆಯಲ್ಲಿ ಸಿಗದ ತಪ್ಪು ಒಂದಿದೆ: ಫೇಸ್, ಅಂದರೆ ಪಿಕಪ್‌ಗಳ ಸಿಗ್ನಲ್ ಒಂದಕ್ಕೊಂದು ಉಲ್ಟಾ ಆಗುವುದು. 2, 4ರಲ್ಲಿ ಸದ್ದು ಬಡಕಲಾಗಿ, ಮೂಗಿನಲ್ಲಿ ಹಾಡಿದಂತೆ ಬಂದರೆ ಒಂದು ಪಿಕಪ್‌ನ ಎರಡು ವೈರ್ ಅದಲು ಬದಲಾಗಿವೆ. ಮುಳ್ಳಿನ ಮೀಟರ್ ಇದ್ದರೆ ಕಬ್ಬಿಣದ ಸ್ಕ್ರೂಡ್ರೈವರನ್ನು ಒಂದೊಂದೇ ಪಿಕಪ್‌ಗೆ ಥಟ್ಟನೆ ತಾಗಿಸಿ ನೋಡಿ, ಮೂರರಲ್ಲೂ ಮುಳ್ಳು ಒಂದೇ ಕಡೆ ಹಾರಬೇಕು.

ಬ್ರಿಡ್ಜ್‌ನಲ್ಲಿ ಹಂಬಕರ್ (ಎರಡು ಕಾಯಿಲ್‌ಗಳ ಪಿಕಪ್) ಹಾಕುವವರಿಗೆ ಈ ಸ್ವಿಚ್ ಅರ್ಧ ಮಾತ್ರ ಉಪಯೋಗ. ಎರಡನೇ ಸ್ಥಾನದಲ್ಲಿ ಕಾಯಿಲ್ ತಾನಾಗಿಯೇ ಸ್ಪ್ಲಿಟ್ ಆಗಬೇಕೆಂದರೆ (ಎರಡರಲ್ಲಿ ಒಂದೇ ಕಾಯಿಲ್ ನುಡಿಯಬೇಕೆಂದರೆ) ಒಂದು ಪೋಲ್ ಬಿಡುವಾಗಿರಬೇಕು, ಇಲ್ಲಿ ಅದನ್ನು ಟೋನ್ ತಿಂದಿರುತ್ತದೆ. ಒಂದೇ ಟೋನನ್ನು ನೇರ ವಾಲ್ಯೂಮ್‌ಗೆ ಸೇರಿಸಿ ಪೋಲ್ ಉಳಿಸಿಕೊಳ್ಳಿ, ಇಲ್ಲವೇ ನಾಲ್ಕು ಪೋಲ್, 24 ಪಿನ್‌ಗಳ ಸೂಪರ್ ಸ್ವಿಚ್ ತನ್ನಿ. ವೈರ್ ಬಣ್ಣದಲ್ಲೂ ಎಚ್ಚರ. ಸೆಮೂರ್ ಡಂಕನ್ ಕಂಪನಿಯ ಪಿಕಪ್‌ನಲ್ಲಿ ಕಪ್ಪು ಹಾಟ್, ಹಸಿರು ಅರ್ತ್, ಕೆಂಪು ಬಿಳಿ ಜೋಡಿಸಬೇಕು. ಡಿಮಾರ್ಜಿಯೊದಲ್ಲಿ ಕೆಂಪು ಹಾಟ್, ಹಸಿರು ಅರ್ತ್, ಕಪ್ಪು ಬಿಳಿ ಜೋಡಿ. ಕಪ್ಪು ಎಂದರೆ ನ್ಯೂಟ್ರಲ್ ಎಂಬ ಮನೆ ವೈರಿಂಗ್ ಅಭ್ಯಾಸ ಇಲ್ಲಿ ಕೈ ಕೊಡುತ್ತದೆ.

ಮನೆಯಲ್ಲಿ ಅಭ್ಯಾಸದ ಗಿಟಾರ್‌ಗೆ ಇದನ್ನೇ ಕೊಳ್ಳಿ. ವಾರಾಂತ್ಯ ಪಬ್‌ನಲ್ಲಿ ನುಡಿಸುವ ಗಿಟಾರ್‌ಗೆ ಓಪನ್ ಟೈಪ್ ವಾಸಿ, ಆದರೆ ಆರ್ಡರ್ ಮಾಡುವ ಮೊದಲು ಗೂಡಿನ ಆಳಕ್ಕೆ ಸ್ಕೇಲ್ ಇಳಿಸಿ ನೋಡಿ: ಅಗ್ಗದ ಗಿಟಾರ್‌ಗಳ ತೆಳು ಬಾಡಿಯಲ್ಲಿ ಅದು ತಳಕ್ಕೆ ತಾಗುವುದುಂಟು. ಓಪನ್ ಟೈಪ್‌ನ ಸ್ಕ್ರೂ 6-32 (ಇಂಚಿನ ಥ್ರೆಡ್), ಈ ಡಬ್ಬಿಯದು ಎಂ3 (ಮಿಲಿಮೀಟರ್ ಥ್ರೆಡ್), ಒಂದರದು ಇನ್ನೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಥ್ರೆಡ್ ಹೋಗುತ್ತದೆ. ಲಿವರ್ ತುದಿಯ ಟೋಪಿಯನ್ನೂ ಓಪನ್ ಟೈಪ್ ಜೊತೆಗೇ ತರಿಸಿ.