ಗಿಟ್‌ನಿಂದ ಸೈಟ್, ಹೆಸರು ನಮ್ಮದೇ: ನಾಲ್ಕು ಕಡೆ ಹಾಕಿ ನೋಡಿದ ಹೋಲಿಕೆ

ಮಲ್ಲೇಶ್ವರದ ನಮ್ಮ ಓದುಗರ ಬಳಗಕ್ಕೆ ಒಂದು ಸೈಟ್ ಇದೆ. ತಿಂಗಳ ಕಾರ್ಯಕ್ರಮ, ಸದಸ್ಯರು ಬರೆದ ಪುಸ್ತಕ ಪರಿಚಯ, ಒಂದಿಷ್ಟು ಫೋಟೊ, ಅಷ್ಟೇ. ಲಾಗಿನ್ ಇಲ್ಲ, ಡೇಟಾಬೇಸ್ ಇಲ್ಲ. ಇಂಥ ಸೈಟಿಗೆ ವರ್ಷ ವರ್ಷ ಹೋಸ್ಟಿಂಗ್ ದುಡ್ಡು ಕಟ್ಟುವ ಅಗತ್ಯವೇ ಇಲ್ಲ. ಡೊಮೇನಿಗೆ ಮಾತ್ರ ಕಟ್ಟಿದರೆ ಸಾಕು. ಹಾಗಾಗಿ ಒಂದೇ ರೆಪೊವನ್ನು (ಫೈಲುಗಳ ಪ್ರತಿ ಬದಲಾವಣೆಯನ್ನೂ ನೆನಪಿಡುವ ಗಿಟ್‌ನಲ್ಲಿ ಇಟ್ಟ ಸೈಟಿನ ಫೈಲುಗಳ ಕಟ್ಟು) ಗಿಟ್‌ಹಬ್ ಪೇಜಸ್, ಗಿಟ್‌ಲ್ಯಾಬ್ ಪೇಜಸ್, ನೆಟ್‌ಲಿಫೈ, ಕ್ಲೌಡ್‌ಫ್ಲೇರ್ ಪೇಜಸ್ ಎಂಬ ನಾಲ್ಕು ಉಚಿತ ಹೋಸ್ಟಿಂಗ್ ಸೇವೆಗಳಿಗೂ ಏರಿಸಿ, ಬಳಗದ ಡೊಮೇನ್ ಜೋಡಿಸಿ ನೋಡಿದೆ.

ವೇಗದ ವಿಷಯ ಮೊದಲೇ ಹೇಳಿಬಿಡುತ್ತೇನೆ. ಮನೆಯ ವೈಫೈನಲ್ಲಿ, ಮೆಟ್ರೊದಲ್ಲಿ ಮೊಬೈಲ್ ಡೇಟಾದಲ್ಲಿ ತೆರೆದು ನೋಡಿದೆ. ನಮ್ಮಂಥ ಹಗುರ ಸೈಟಿಗೆ ಕಣ್ಣಿಗೆ ಕಾಣುವ ವ್ಯತ್ಯಾಸ ಇಲ್ಲ. ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಕೂಡ ನಾಲ್ಕರಲ್ಲೂ ಉಚಿತ, ತಾನಾಗಿ ನವೀಕರಣವಾಗುತ್ತದೆ. ನಿಜವಾದ ವ್ಯತ್ಯಾಸ ಇರುವುದು ಎರಡೇ ಕಡೆ: ಡೊಮೇನ್ ಜೋಡಿಸುವಾಗ ಅವರು ಏನು ಕೇಳುತ್ತಾರೆ, ಪ್ರಕಟವಾಗುವ ಮೊದಲು ಬೇರೆಯವರಿಗೆ ಕರಡು ತೋರಿಸಲು ಆಗುತ್ತದಾ.

ಡೊಮೇನ್ ವಿಚಾರದಲ್ಲಿ ತೊಡಕು ಬರುವುದು ಮುಂದೆ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇಲ್ಲದ ಬರೀ ಹೆಸರಿಗೆ. ಯಾವ ಹೆಸರು ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ವ್ಯವಸ್ಥೆಯೇ ಡಿಎನ್‌ಎಸ್. ಅದರಲ್ಲಿ ಬರೀ ಹೆಸರಿನ ಜಾಗದಲ್ಲಿ, ಡೊಮೇನನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಹೇಳುವ ಎನ್‌ಎಸ್, ಎಸ್‌ಒಎ ದಾಖಲೆಗಳು ಇರಲೇಬೇಕು. ಸಿನೇಮ್ (ಒಂದು ಹೆಸರನ್ನು ಇನ್ನೊಂದು ಹೆಸರಿಗೆ ತೋರಿಸುವ ದಾಖಲೆ) ಇರುವ ಕಡೆ ಬೇರೆ ದಾಖಲೆ ಇರಬಾರದು ಅನ್ನುವುದು 1987ರಿಂದ ಇರುವ ಡಿಎನ್‌ಎಸ್ ನಿಯಮ. ಆದ್ದರಿಂದ ಬರೀ ಹೆಸರಿಗೆ ಸಿನೇಮ್ ಹಾಕುವಂತಿಲ್ಲ. ಗಿಟ್‌ಹಬ್ ಇದಕ್ಕೆ ನೇರ ದಾರಿ ಕೊಟ್ಟಿದೆ. 185.199.108.153ರಿಂದ 185.199.111.153ರವರೆಗೆ, ಮೂರನೇ ಅಂಕಿ ಒಂದೊಂದೇ ಏರುವ ನಾಲ್ಕು ಎ ದಾಖಲೆ, ಅಂದರೆ ಹೆಸರನ್ನು ನೇರವಾಗಿ ಸರ್ವರಿನ ಅಂಕಿ ವಿಳಾಸಕ್ಕೆ ತೋರಿಸುವ ಸಾಲು. ಡೊಮೇನ್ ಎಲ್ಲಿ ಕೊಂಡಿದ್ದೀರೋ ಅಲ್ಲೇ ಅವನ್ನು ಹಾಕಿದರೆ ಮುಗಿಯಿತು. ಗಿಟ್‌ಲ್ಯಾಬ್‌ನಲ್ಲಿ ಎ ದಾಖಲೆಯ ಜೊತೆಗೆ, ಡೊಮೇನ್ ನಿಮ್ಮದೇ ಅಂತ ತೋರಿಸಲು ಒಂದು ಟಿಎಕ್ಸ್‌ಟಿ ದಾಖಲೆಯೂ ಬೇಕು. ನೆಟ್‌ಲಿಫೈಗೂ ಎ ದಾಖಲೆ ಸಾಕು.

ಕ್ಲೌಡ್‌ಫ್ಲೇರ್ ಮಾತ್ರ ಬೇರೆ. ಹೆಸರಿನ ಮುಂದೆ ಇನ್ನೊಂದು ಪದ ಇರುವ ಸಬ್‌ಡೊಮೇನಿಗೆ ಸಿನೇಮ್ ಒಂದು ಸಾಲು, ಸುಲಭ. ಬರೀ ಹೆಸರು ಬೇಕಾದರೆ ನೇಮ್‌ಸರ್ವರನ್ನೇ (ಡೊಮೇನಿನ ದಾಖಲೆಗಳನ್ನು ಇಟ್ಟುಕೊಂಡಿರುವ ಸರ್ವರ್) ಅವರ ಕಡೆಗೆ ಬದಲಾಯಿಸಬೇಕು. ಬಳಗದ ಇಮೇಲ್ ಕೂಡ ಇದೇ ಡೊಮೇನಿನಲ್ಲಿ ಇರುವುದರಿಂದ ನಾನು ಇಲ್ಲಿ ತುಂಬಾ ನಿಧಾನ ಮಾಡಿದೆ. ಅವರು ಹಳೆಯ ದಾಖಲೆಗಳನ್ನು ಹುಡುಕಿ ತಂದು ತೋರಿಸುತ್ತಾರೆ. ಆದರೂ ಎಂಎಕ್ಸ್ (ಮೇಲ್ ಎಲ್ಲಿಗೆ ಬರಬೇಕು ಅಂತ ಹೇಳುವ ದಾಖಲೆ), ಟಿಎಕ್ಸ್‌ಟಿ ಸಾಲುಗಳನ್ನು ಒಂದೊಂದಾಗಿ ಹಳೆಯದರ ಪಕ್ಕ ಇಟ್ಟು ನೋಡಿ. ಎಂಎಕ್ಸ್ ಬಿಟ್ಟುಹೋದರೂ ಸೈಟ್ ಚೆನ್ನಾಗೇ ಕಾಣುತ್ತದೆ, ಮೇಲ್ ಮಾತ್ರ ಬರುವುದಿಲ್ಲ. ಯಾರಿಗೂ ತಕ್ಷಣ ಗೊತ್ತೂ ಆಗುವುದಿಲ್ಲ.

ಇನ್ನು ಕರಡಿನ ವಿಷಯ. ನನ್ನ ತೀರ್ಮಾನ ನಿಂತಿದ್ದು ಇದರ ಮೇಲೆಯೇ. ನಮ್ಮಲ್ಲಿ ಬರಹ ಹೊರಡುವ ಮುಂಚೆ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಓದುತ್ತಾರೆ. ಗಿಟ್ ಅವರಿಗೆ ಬೇಡ, ವಾಟ್ಸಾಪ್‌ನಲ್ಲಿ ಲಿಂಕ್ ಬಂದರೆ ಸಾಕು. ಒತ್ತಕ್ಷರ ಎಲ್ಲಿ ತಪ್ಪಿದೆ, ಸಾಲು ಎಲ್ಲಿ ಎಡವುತ್ತದೆ ಅಂತ ಮೊಬೈಲಿನಲ್ಲೇ ನೋಡಿ ಹೇಳುತ್ತಾರೆ. ನೆಟ್‌ಲಿಫೈ ಮತ್ತು ಕ್ಲೌಡ್‌ಫ್ಲೇರ್ ಎರಡೂ ಪ್ರತಿ ಪುಲ್ ರಿಕ್ವೆಸ್ಟಿಗೆ (ಬದಲಾವಣೆಯನ್ನು ಸೇರಿಸಿಕೊಳ್ಳಿ ಅಂತ ಕಳಿಸುವ ಕೋರಿಕೆ) ಬೇರೆಯದೇ ವಿಳಾಸದಲ್ಲಿ ಪೂರ್ತಿ ಸೈಟಿನ ಕರಡು ಎಬ್ಬಿಸುತ್ತವೆ. ಮೇಷ್ಟ್ರು ಸರಿ ಅಂದ ಮೇಲೆ ಮರ್ಜ್, ಅಂದರೆ ಬದಲಾವಣೆ ಮುಖ್ಯ ಸೈಟಿಗೆ ಸೇರುತ್ತದೆ. ಗಿಟ್‌ಹಬ್ ಪೇಜಸ್‌ನಲ್ಲಿ ಈ ಸೌಲಭ್ಯ ಇಲ್ಲ. ಗಿಟ್‌ಲ್ಯಾಬ್‌ನ ಉಚಿತ ಮಟ್ಟದಲ್ಲೂ ನನಗೆ ಇಷ್ಟು ಸಲೀಸಾಗಿ ಆಗಲಿಲ್ಲ. ಹಿರಿಯರೊಬ್ಬರು ಪ್ರೀತಿಯಿಂದ ಮಾಡುವ ಕೆಲಸಕ್ಕೆ ಅಡ್ಡಿ ಬರಬಾರದು ಅಲ್ವಾ? ನನಗೆ ಇದು ಬೇರೆ ಎಲ್ಲಾ ಲೆಕ್ಕಕ್ಕಿಂತ ದೊಡ್ಡದು.

ಹಳೆಯ ಲಿಂಕುಗಳೂ ಮುಖ್ಯ. ಪುಟದ ವಿಳಾಸ ಬದಲಾದರೆ ನೆಟ್‌ಲಿಫೈ, ಕ್ಲೌಡ್‌ಫ್ಲೇರ್ ಎರಡರಲ್ಲೂ ರಿಡೈರೆಕ್ಟ್ಸ್ ಅನ್ನುವ ಫೈಲಿನಲ್ಲಿ ಒಂದು ಸಾಲು ಬರೆದರೆ ಓದುಗರು ಹೊಸ ಪುಟಕ್ಕೆ ಹೋಗುತ್ತಾರೆ. ಗಿಟ್‌ಲ್ಯಾಬ್‌ನಲ್ಲೂ ಇದು ಇದೆ. ಗಿಟ್‌ಹಬ್‌ನಲ್ಲಿ ಸರ್ವರ್ ಮಟ್ಟದ ರಿಡೈರೆಕ್ಟ್ ಇಲ್ಲ. ಹಳೆಯ ಜಾಗದಲ್ಲಿ ಹೊಸ ಪುಟಕ್ಕೆ ಕಳಿಸುವ ಒಂದು ಸಣ್ಣ ಎಚ್‌ಟಿಎಂಎಲ್ ಇಡಬೇಕು. ಅಂದಹಾಗೆ, ಫೈಲಿಗೆ ಕನ್ನಡ ಹೆಸರು ಇಟ್ಟರೆ ನಾಲ್ಕರಲ್ಲೂ ತೆರೆಯುತ್ತದೆ. ಆದರೆ ಲಿಂಕ್ ನಕಲು ಮಾಡಿದಾಗ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆಗೂ ಒಂಬತ್ತು ಗುರುತು ಬರುವುದರಿಂದ ವಾಟ್ಸಾಪ್‌ನಲ್ಲಿ ಉದ್ದದ ಬಾಲ ಕಾಣುತ್ತದೆ.

ಮಿತಿಗಳು: ಗಿಟ್‌ಹಬ್‌ನಲ್ಲಿ ಸೈಟ್ 1 ಜಿಬಿ ಒಳಗೆ, ತಿಂಗಳಿಗೆ 100 ಜಿಬಿ ಬಳಕೆ. ಉಚಿತ ಖಾತೆಯಲ್ಲಿ ರೆಪೊ ಪಬ್ಲಿಕ್ ಇರಬೇಕು. ಇದು ಸಣ್ಣ ವಿಷಯ ಅಲ್ಲ. ಸದಸ್ಯರ ಫೋನ್ ನಂಬರ್ ಒಮ್ಮೆ ಒಳಗೆ ಹೋದರೆ, ಅಳಿಸಿದ ಮೇಲೂ ಗಿಟ್ ಇತಿಹಾಸದಲ್ಲಿ ಉಳಿಯುತ್ತದೆ. ಉಳಿದ ಮೂರರಲ್ಲಿ ಪ್ರೈವೇಟ್ ರೆಪೊದಿಂದಲೇ ಸೈಟ್ ನಡೆಸಬಹುದು. ಕ್ಲೌಡ್‌ಫ್ಲೇರ್‌ನಲ್ಲಿ ತಿಂಗಳಿಗೆ 500 ಬಿಲ್ಡ್ (ಫೈಲುಗಳಿಂದ ಸೈಟನ್ನು ಸಿದ್ಧಪಡಿಸುವ ಕೆಲಸ), ಫೈಲ್ ಒಂದಕ್ಕೆ 25 ಎಂಬಿ ಮಿತಿ. ಎಷ್ಟು ಜನ ನೋಡಿದರೂ ದುಡ್ಡಿಲ್ಲ. ಕಾರ್ಯಕ್ರಮದ ಆಡಿಯೊ ಹಾಕುವವರು ಆ 25 ನೆನಪಿಡಿ. ನೆಟ್‌ಲಿಫೈ 2025ರ ಸೆಪ್ಟೆಂಬರ್‌ನಿಂದ ಹೊಸ ಖಾತೆಗಳಿಗೆ ಕ್ರೆಡಿಟ್ ಲೆಕ್ಕ ತಂದಿದೆ. ಪ್ರಕಟಿಸಿದ್ದಕ್ಕೂ ಜನ ನೋಡಿದ್ದಕ್ಕೂ ಅದರಲ್ಲೇ ಕಳೆಯುತ್ತದೆ. ದಿನಾ ಸಣ್ಣಪುಟ್ಟ ತಿದ್ದುಪಡಿ ಮಾಡುವ ನಮಗೆ ಅದು ಹೊಂದಲಿಲ್ಲ. ಸರ್ವರ್ ಇಲ್ಲದೆಯೇ ಫಾರ್ಮ್ ತುಂಬಿಸಿಕೊಳ್ಳುವ ಅವರ ಸೌಲಭ್ಯ ಮಾತ್ರ ನನಗೆ ಬಹಳ ಇಷ್ಟ.

ಬಳಗದ ಸೈಟ್ ಈಗ ಕ್ಲೌಡ್‌ಫ್ಲೇರ್‌ನಲ್ಲಿದೆ. ನನ್ನ ಸ್ವಂತ ಟಿಪ್ಪಣಿಗಳ ಸೈಟ್ ಗಿಟ್‌ಹಬ್‌ನಲ್ಲೇ ಇದೆ. ಅಲ್ಲಿ ಕರಡು ನೋಡುವವರು ಯಾರೂ ಇಲ್ಲ, ಬರಹದ ಫೈಲುಗಳಿಂದ ಸೈಟ್ ಕಟ್ಟುವ ಜೆಕಿಲ್ ತಾನಾಗಿ ಬಿಲ್ಡ್ ಆಗುತ್ತದೆ, ನೇಮ್‌ಸರ್ವರ್ ಮುಟ್ಟಬೇಕಾಗಿಲ್ಲ. ಆಫೀಸಿನಲ್ಲಿ ಗಿಟ್‌ಲ್ಯಾಬ್ ಸಿಐ (ತಾನಾಗಿ ಬಿಲ್ಡ್ ಮಾಡುವ ಹಂತಗಳ ಫೈಲ್) ಬರೆದು ಅಭ್ಯಾಸ ಇರುವವರಿಗೆ ಗಿಟ್‌ಲ್ಯಾಬ್ ಸಲೀಸು, ಬೇರೆಯವರಿಗೆ ಆ ಫೈಲ್ ಬರೆಯುವುದೇ ಜಾಸ್ತಿ ಕೆಲಸ. ಜಯನಗರದ ಗೆಳತಿಯೊಬ್ಬಳು ಮನೆಯಲ್ಲಿ ಮಾಡಿದ ಚಟ್ನಿಪುಡಿ ಮಾರುತ್ತಾಳೆ. ಆರ್ಡರ್ ತೆಗೆದುಕೊಳ್ಳುವ ಸೈಟಿಗೆ ಗಿಟ್‌ಹಬ್ ಪೇಜಸ್ ಬೇಡ ಅಂದೆ, ಏಕೆಂದರೆ ಆನ್‌ಲೈನ್ ವ್ಯಾಪಾರ ನಡೆಸಲು ಅದನ್ನು ಬಳಸಬಾರದು ಅಂತ ಅವರ ನಿಯಮದಲ್ಲೇ ಇದೆ.

ಯಾವುದನ್ನೇ ಆರಿಸಿಕೊಂಡರೂ ಡೊಮೇನ್ ನಿಮ್ಮ ಹೆಸರಲ್ಲಿ, ಒಟಿಪಿ ನಿಮ್ಮ ಫೋನಿಗೆ ಬರುವಂತೆ ಇರಲಿ. ಜಾಗ ಬದಲಿಸುವ ಹಿಂದಿನ ದಿನ ಟಿಟಿಎಲ್ (ಡಿಎನ್‌ಎಸ್ ದಾಖಲೆಯನ್ನು ಬೇರೆ ಸರ್ವರುಗಳು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು ಅನ್ನುವ ಅವಧಿ) ಕಡಿಮೆ ಮಾಡಿ. ಬದಲಿಸಿದ ಮೇಲೆ ಹಳೆಯ ಜಾಗವನ್ನು ತೋರಿಸುವ ಡಿಎನ್‌ಎಸ್ ಸಾಲುಗಳನ್ನು ತಪ್ಪದೆ ಅಳಿಸಿ. ಖಾಲಿ ಜಾಗಕ್ಕೆ ಬೊಟ್ಟು ಮಾಡಿಕೊಂಡಿರುವ ಸಬ್‌ಡೊಮೇನ್ ಸಿಕ್ಕರೆ ಬೇರೆಯವರು ತಮ್ಮ ಸೈಟನ್ನು ನಿಮ್ಮ ಹೆಸರಿನಲ್ಲಿ ನಿಲ್ಲಿಸಿಬಿಡಬಹುದು.